ಕಪ್ತಾನ ಬಾಗಿಲು ತೆಗೆದ ಸಂಜೆ

ಕೇಬಲ್ ಕಾಕಾನ ಹಣೆಯ ಮೇಲೆ, ಹುಬ್ಬಿಗಿಂತ ಎರಡು ಬೆರಳು ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ ಒಂದು ತಗ್ಗು ಗೆರೆ ಇತ್ತು. ವಯಸ್ಸಿನಲ್ಲಿದ್ದಾಗ ದೊಡ್ಡಾಟದ ಕಟ್ಟಿಗೆ ಕಿರೀಟವನ್ನು ಬಿಗಿಯಾಗಿ ಕಟ್ಟಿಕೊಂಡು ಕುಣಿದು ಕುಣಿದು ಬಿದ್ದ ಗೆರೆ ಅದು. ಮುಂಜಾನೆ ವಿಭೂತಿ ಹಚ್ಚಿಕೊಂಡರೆ ಆ ತಗ್ಗಿನಲ್ಲಿ ಒಂದಿಷ್ಟು ಹೆಚ್ಚೇ ಕೂತು, ಮೂರು ಪಟ್ಟೆಗಳಲ್ಲಿ ನಡುವಿನದೊಂದು ದಪ್ಪಗೆ ಕಾಣುತ್ತಿತ್ತು. ಸಣ್ಣವರಿದ್ದಾಗ ನಾವು ಅದನ್ನು ಮುಟ್ಟಿ ನೋಡಲು ಹಟ ಹಿಡಿಯುತ್ತಿದ್ದೆವು. ಕಾಕಾ ತಲೆ ಬಗ್ಗಿಸಿ ಕೊಡುತ್ತಿದ್ದ. "ಸಾವಕಾಶ ಮುಟ್ಟವಾ, ಒಳಗ ರಾಜಾ ಮಲಗ್ಯಾನ" ಅನ್ನುತ್ತಿದ್ದ.

ಅವನು ನಮಗೆ ರಕ್ತಸಂಬಂಧಿಯೇನೂ ಆಗಿರಲಿಲ್ಲ. ತಿಳವಳ್ಳಿಯಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಒಲೆಯ ಹೊಗೆ ಅವನ ಮಾಡಿನಿಂದ ಹೊರಗೆ ಹೋಗುತ್ತಿತ್ತು, ಅವನ ಕೆಮ್ಮು ನಮ್ಮ ಪಡಸಾಲೆಯಲ್ಲಿ ಕೇಳುತ್ತಿತ್ತು. ಅವನ ಹೆಂಡತಿಯನ್ನು ನಾವು ಚಿಗವ್ವ ಅನ್ನುತ್ತಿದ್ದೆವು. ಊರಿನ ಹುಡುಗರಿಗೆ ವರ್ಷವರ್ಷ ದೊಡ್ಡಾಟ ಕಲಿಸುವ ಮಾಸ್ತರ ಅವನೇ. ಆಟ ಆಡುವವರು ಕಡಿಮೆಯಾದಾಗ, ಎಲ್ಲಿಂದಲೋ ಒಂದು ದೊಡ್ಡ ತಟ್ಟೆ ಆಂಟೆನಾ ತಂದು ಮಾಳಿಗೆಯ ಮೇಲೆ ಕೂಡಿಸಿ, ಮನೆಯಿಂದ ಮನೆಗೆ ಕಪ್ಪು ವೈರು ಎಳೆದು ಊರಿಗೆ ಕೇಬಲ್ ತಂದ. ಅಲ್ಲಿಂದ ಮಾಸ್ತರ ಹೋಗಿ ಕೇಬಲ್ ಕಾಕಾ ಆದ. ಕಿರೀಟ ಕಟ್ಟುತ್ತಿದ್ದ ಕೈಗೆ ಇಕ್ಕಳ ಬಂತು. ಆದರೆ ದನಿ ಮಾತ್ರ ಆಟದ್ದೇ ಉಳಿಯಿತು. ನಮ್ಮ ಛಾವಣಿ ಮೇಲೆ ನಿಂತು "ಕೆಳಗ ಚಿತ್ರಾ ಬಂತೇನ್ರೀ?" ಅಂತ ಅವನು ಕೇಳಿದರೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ಒಮ್ಮೆ ತಿರುಗಿ ನೋಡುತ್ತಿದ್ದರು.

ಆ ದಿನಗಳಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ದೊಡ್ಡ ಹಡಗು, ಅದಕ್ಕೊಬ್ಬ ಕಪ್ತಾನ, ಅವನ ಕೈಕೆಳಗೆ ಒಂದಷ್ಟು ಮಂದಿ. ಹಳೆಯದು, ಬೇರೆ ದೇಶಗಳಲ್ಲೆಲ್ಲ ಬಹಳ ಹೆಸರಾದದ್ದು ಎಂದು ಆಮೇಲೆ ತಿಳಿಯಿತು. ನಮ್ಮೂರಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು, ಕಪ್ತಾನನ ಆಟ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಜನ ನೋಡುತ್ತಿದ್ದರು, ಯಾಕೆ ನೋಡುತ್ತಿದ್ದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ದಿನ ಆ ಧಾರಾವಾಹಿ ಮುಗಿದು, ಅದೇ ಜಾಗದಲ್ಲಿ ಅದರದೇ ಕಾರ್ಟೂನು ಶುರುವಾಯಿತು. ಅದೇ ಹಡಗು, ಅದೇ ಕಪ್ತಾನ, ಆದರೆ ಎಲ್ಲರೂ ಬರೆದ ಚಿತ್ರಗಳು. ನಿನ್ನೆಯವರೆಗೆ ಮನುಷ್ಯನಾಗಿದ್ದ ಕಪ್ತಾನನಿಗೆ ಇವತ್ತು ಕೆನ್ನೆ ಕಡುಗೆಂಪು, ಹುಬ್ಬು ಕಾಡಿಗೆ ಕಪ್ಪು. ಊರು ಗಲಿಬಿಲಿಗೊಂಡು ಕಾಕಾನ ಕಟ್ಟೆಗೆ ಬಂತು. ಕಾಕಾ ಒಂದು ಗಳಿಗೆಯೂ ತಡವರಿಸಲಿಲ್ಲ.

"ಇಷ್ಟ ದಿನಾ ನೀವು ನೋಡಿದ್ದು ತಾಲೀಮ್ರೀ. ಬಣ್ಣಾ ಹಚ್ಚಿದ್ದಿಲ್ಲ. ಈಗ ಬಣ್ಣಾ ಹಚ್ಚಿಕೊಂಡು ಖರೇ ಆಟಕ್ಕ ಇಳದಾರ."

ಯಾರಿಗೂ ಅದರಲ್ಲಿ ಸಂಶಯ ಬರಲಿಲ್ಲ. ನಮ್ಮಲ್ಲಿ ಆಟವೆಂದರೆ ಹಾಗೆಯೇ. ತಿಂಗಳುಗಟ್ಟಲೆ ಬರೀ ಮುಖದಲ್ಲಿ ತಾಲೀಮು, ಕೊನೆಗೊಂದು ದಿನ ಬಣ್ಣ, ಎದೆಹಲಗೆ, ಕಿರೀಟ. ಹಾಗಾಗಿ ಲೋಕದವರಿಗೆಲ್ಲ ಧಾರಾವಾಹಿಯೇ ದೊಡ್ಡದು, ಕಾರ್ಟೂನು ಅದರ ಬಾಲ ಆಗಿದ್ದರೆ, ತಿಳವಳ್ಳಿಯ ನಮಗೆ ಕಾರ್ಟೂನೇ ಖರೇ ಆಟ, ಮೊದಲಿನದು ಬರೀ ತಯಾರಿ. ಕಾಕಾ ಇದನ್ನು ನಿಜವಾಗಿ ನಂಬಿದ್ದನೋ, ಅಥವಾ ಜನರನ್ನು ಸುಮ್ಮನಾಗಿಸಲು ಹೇಳಿದ್ದನೋ, ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕೇಳಲಿಲ್ಲ.

ಖರೇ ಆಟ ಅಂದಮೇಲೆ ಮಾತು ಬೇಡವೇ? ಕಾಕಾ ಮುಂಜಾನೆ ಬಂದ ಕಾರ್ಟೂನನ್ನು ಕ್ಯಾಸೆಟ್ಟಿಗೆ ಹಿಡಿದು, ಒಂದು ಸಲ ತಾನೊಬ್ಬನೇ ಕೂತು ನೋಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಿಗೆ ಬಿಡುತ್ತಿದ್ದ. ಇಂಗ್ಲಿಷ್ ದನಿ ತೆಗೆದುಹಾಕಿ ತನ್ನ ಮೈಕು ಜೋಡಿಸುತ್ತಿದ್ದ. ಕಪ್ತಾನ ಬಾಯಿ ತೆರೆದರೆ ನಮ್ಮ ಮನೆಯ ಟೀವಿಯಿಂದ ಹೀಗೆ ಬರುತ್ತಿತ್ತು: "ಎಲೈ ಸಾರಥೀ! ಈ ನಮ್ಮ ಗಗನನೌಕೆಯು ಯಾವ ಲೋಕದ ಅಗಸೆಯ ಬಾಗಿಲಿಗೆ ಬಂದು ನಿಂತಿರುವುದು, ತೀವ್ರದಿಂದ ಪೇಳುವಂಥವನಾಗು!" ದೊಡ್ಡಾಟದಲ್ಲಿ ರಾಜನಿಗೆ ಪ್ರಶ್ನೆ ಹಾಕುವ, ಉತ್ತರ ಕೊಡುವ, ನಡುನಡುವೆ ನಗಿಸುವ ಪಾತ್ರ ಸಾರಥಿ. ಆ ಕೆಲಸವನ್ನು ಕಾಕಾ ಹಡಗಿನ ಉದ್ದ ಕುತ್ತಿಗೆಯ ಅಧಿಕಾರಿಗೆ ಒಪ್ಪಿಸಿದ್ದ. ಅವನು ನಮ್ಮ ಭಾಷೆಯಲ್ಲೇ ಹೇಳುತ್ತಿದ್ದ: "ಗಾಳಿ ಇಲ್ಲದ ಲೋಕ ಐತ್ರಿ ರಾಜಾ. ಮೂಗು ಮುಚ್ಚಿಕೊಂಡು ಇಳೀರಿ."

ಎಲ್ಲಕ್ಕಿಂತ ಮುಖ್ಯ, ಮಂಗಳ. ಆಟ ಮುಗಿಯುವಾಗ ಮಂಗಳ ಹಾಡಬೇಕು, ಹಾಡಲು ಎಲ್ಲ ಪಾತ್ರಗಳೂ ಬರಬೇಕು. ಯುದ್ಧದಲ್ಲಿ ತಲೆ ಉರುಳಿಸಿಕೊಂಡು ಬಿದ್ದವನೂ ಎದ್ದು ಬಂದು, ಕೊಂದವನ ಪಕ್ಕದಲ್ಲೇ ನಿಂತು ದನಿಗೂಡಿಸಬೇಕು. ಕಾರ್ಟೂನಿನ ಕೊನೆಗೆ ಪರದೆಯ ಮೇಲೆ ಬರೀ ಇಂಗ್ಲಿಷ್ ಹೆಸರುಗಳು ಮೇಲಕ್ಕೆ ಹರಿಯುತ್ತಿದ್ದವು. ಕಾಕಾ ಆಗ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. "ಏಳಪಾ ಏಳು, ಸತ್ತದ್ದು ಸಾಕು. ವೇಷಾ ಇಳಿಸಬ್ಯಾಡ್ರಿ ಯಾರೂ, ಮಂಗಳಾ ಆಗಿಲ್ಲ ಇನ್ನಾ!" ಆಮೇಲೆ ತಾನೇ ಹಾಡುತ್ತಿದ್ದ. ಹೀಗಾಗಿ ನಮ್ಮೂರ ಕಪ್ತಾನನ ಆಟದಲ್ಲಿ ಯಾರೂ ಸತ್ತು ಉಳಿದದ್ದೇ ಇಲ್ಲ.

"ವೇಷಾ ಇಳಿಸಬ್ಯಾಡ್ರಿ" ಅನ್ನುವುದು ಅವನ ಬಾಯಲ್ಲಿ ಹೊರಗೂ ಬರುತ್ತಿತ್ತು. ಅರ್ಧ ಊಟಕ್ಕೆ ಯಾರಾದರೂ ಎದ್ದರೆ ಅದೇ ಮಾತು. ಅಣ್ಣತಮ್ಮಂದಿರು ಜಗಳ ಅರ್ಧಕ್ಕೆ ಬಿಟ್ಟು ಮುಖ ತಿರುಗಿಸಿ ಹೊರಟರೆ ಅದೇ ಮಾತು. ಚಿಗವ್ವ ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿದಾಗಲೂ ಅದನ್ನೇ ಹೇಳಿ, ಅವಳ ಕೈಯಿಂದ ಲಟ್ಟಣಿಗೆಯ ಏಟು ತಿಂದಿದ್ದ ಎಂದು ನಮ್ಮ ಅವ್ವ ನಗುತ್ತಿದ್ದಳು.

ಅಂಥದರಲ್ಲಿ ನಮ್ಮ ಅಕ್ಕ ಮನೆ ಬಿಟ್ಟು ಹೋದಳು.

ಹಾನಗಲ್ಲಿನ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನ ಜೊತೆ. ಬೇರೆ ಕೇರಿಯವನು, ನಮ್ಮವರು ಯಾರ ಮನೆಯಲ್ಲಿ ನೀರು ಕುಡಿಯುವುದಿಲ್ಲವೋ ಅಂಥ ಮನೆಯವನು. ಇಬ್ಬರೂ ರಿಜಿಸ್ಟರ್ ಮದುವೆಯಾಗಿ ಸವಣೂರಿನಲ್ಲಿ ಮನೆ ಮಾಡಿದರು. ಸುದ್ದಿ ಬಂದ ದಿನ ಅಪ್ಪ ಯಾರಿಗೂ ಬೈಯಲಿಲ್ಲ. ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಬಂದ. "ನೀವೂ ತಲಿಮ್ಯಾಲ ನೀರು ಹಾಕ್ಕೋರಿ" ಅಂದ. ಸತ್ತವರ ಮನೆಯಲ್ಲಿ ಮಾಡುವ ಸ್ನಾನ ಅದು. ಅವ್ವ ಅಳುತ್ತಲೇ ನೀರು ಹೊಯ್ದುಕೊಂಡಳು, ನನಗೂ ಹೊಯ್ದಳು. "ನನಗ ಇನ್ನ ಒಬ್ಬಾಕೀನ ಮಗಳು" ಅಂದ ಅಪ್ಪ, ನನ್ನ ಕಡೆ ನೋಡದೆ.

ನನಗೆ ಏನೂ ತಿಳಿಯಲಿಲ್ಲ. ಒದ್ದೆ ತಲೆಯಲ್ಲೇ ಹೋಗಿ ಕಾಕಾನನ್ನು ಕೇಳಿದೆ, "ಕಾಕಾ, ಅಕ್ಕ ಸತ್ತಾಳೇನು?"

ಕಾಕಾ ವೈರು ಸುತ್ತುತ್ತಿದ್ದವನು ಕೈ ನಿಲ್ಲಿಸಿದ. ನನ್ನ ತಲೆಯಿಂದ ಇಳಿಯುವ ನೀರು ನೋಡಿದ. "ಮಂಗಳಾ ಆಗೇತೇನು?" ಅಂದ.

"ಇಲ್ಲ."

"ಮತ್ತ? ಹೋಗು, ತಲಿ ಒರಸ್ಕೋ. ಥಂಡಿ ಹತ್ತೀತು."

ಅಲ್ಲಿಂದ ಮುಂದೆ ಅಪ್ಪ ದಿನಾ ಸಂಜೆ ಟೀವಿ ಮುಂದೆ ಕೂರತೊಡಗಿದ. ಮೊದಲು ಅವನಿಗೆ ಭತ್ತದ ವ್ಯಾಪಾರ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಈಗ ಟೀವಿ ನೋಡುವವನ ಜೊತೆ ಯಾರೂ ಮಾತಾಡಬೇಕಿಲ್ಲವಲ್ಲ, ಅದಕ್ಕೆ ಕೂರುತ್ತಿದ್ದ ಅಂತ ನನ್ನ ಅಂದಾಜು. ಗೋಡೆಯಾಚೆಯಿಂದ ಕಾಕಾನ ದನಿ ಒಂದು ಸಲ, ಟೀವಿಯೊಳಗಿಂದ ಇನ್ನೊಂದು ಸಲ ಕೇಳುತ್ತಿತ್ತು. ಅವನ ಹಿಂದೆ ನಾನೂ ಅವ್ವನೂ ಕೂರುತ್ತಿದ್ದೆವು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ, ಅಥವಾ ಹಾಗೆ ಅಂದುಕೊಂಡಿದ್ದೆ. ಅಂಗಳದಲ್ಲಿ ಗೋವಿನಜೋಳ ಒಣಹಾಕಿತ್ತು. ಕಾರ್ಟೂನಿನಲ್ಲಿ ಕಪ್ತಾನನ ಮಗಳು ವೈರಿಗಳ ಹಡಗು ಹತ್ತಿ ಹೋಗಿದ್ದವಳು, ಒಂದು ಸಣ್ಣ ದೋಣಿಯಲ್ಲಿ ತಿರುಗಿ ಬಂದಿದ್ದಾಳೆ. ದೋಣಿಯಲ್ಲಿ ಗಾಳಿ ತೀರುತ್ತಾ ಬಂದಿದೆ. ದೊಡ್ಡ ಹಡಗಿನ ಬಾಗಿಲಿಗೆ ಬಂದು ಬಡಿಯುತ್ತಾಳೆ. ಒಳಗೆ ಕಪ್ತಾನ, ಅವನ ಕೈ ಬಾಗಿಲು ತೆಗೆಯುವ ಗುಂಡಿಯ ಮೇಲೆ. ಕಾಕಾ ಮಗಳ ಮಾತನ್ನು ಆಟದ ಭಾಷೆಯಲ್ಲಿ ಹೇಳಲಿಲ್ಲ. "ಅಪ್ಪಾ, ಬಾಗ್ಲಾ ತೆಗಿ. ಉಸಿರು ಸಾಲವಲ್ತು" ಅಂದ. ಸಾರಥಿ ಅಂದ, "ಕೈ ಗುಂಡೀ ಮ್ಯಾಲ ಐತ್ರಿ ರಾಜಾ. ಒತ್ತೂದು ಅಷ್ಟ ಉಳದೈತಿ." ಕಪ್ತಾನ ಬಹಳ ಹೊತ್ತು ಮಾತಾಡಲಿಲ್ಲ. ಟೀವಿಯಲ್ಲಿ ಕಾಕಾನ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಕಪ್ತಾನನೂ ಆಟದ ಭಾಷೆ ಬಿಟ್ಟು, ಮನೆಯ ಮಾತಿನಲ್ಲಿ ಎರಡೇ ಶಬ್ದ ಅಂದ.

"ಬಾ ಒಳಗ."

ಬಾಗಿಲು ತೆರೆಯಿತು. ಒಳಗಿನಿಂದ ಹಳದಿ ಬೆಳಕು ಹೊರಗೆ ಚೆಲ್ಲಿತು. ಆ ಹುಡುಗಿ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು ಒಳಗೆ ಬಂದಳು. ಇದನ್ನು ನಾನು ಕಂಡಿದ್ದೇನೆ.

ಮಂಗಳ ಮುಗಿಯುವವರೆಗೆ ಅಪ್ಪ ಕದಲಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ. ಕೆಲವು ದಿನ ಕಳೆದು, ಹಾನಗಲ್ಲಿಗೆ ಹೋಗಿ ಬರುತ್ತೇನೆ ಎಂದು ಹೋದವನು, ಸಂಜೆ ಬಂದಾಗ ಕೈಯಲ್ಲಿ ಸವಣೂರು ಖಾರದ ಪೊಟ್ಟಣ ಇತ್ತು. ಅದನ್ನು ಅವ್ವನ ಮುಂದೆ ಇಟ್ಟು ಒಳಗೆ ಹೋದ. ಅವ್ವ ಪೊಟ್ಟಣ ನೋಡಿದಳು. ದಾರ ಬಿಚ್ಚದೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. "ಹಾನಗಲ್ಲಾಗ ಸವಣೂರ ಖಾರಾ ಸಿಗ್ತೈತೇನವಾ?" ಅಂತ ನಾನು ಕೇಳಿದೆ. ಅವ್ವ ನನ್ನ ತಲೆಗೆ ಮೊಟಕಿ, ಬಾಚಿ ತಬ್ಬಿಕೊಂಡಳು. ಆ ವರ್ಷದ ಪಂಚಮಿಗೆ ಅಕ್ಕ ಗಂಡನ ಜೊತೆ ಮನೆಗೆ ಬಂದಳು. ಅಪ್ಪ ಅಳಿಯನ ಕೈಗೆ ತಾನೇ ನೀರಿನ ತಂಬಿಗೆ ಕೊಟ್ಟ. ಗೋಡೆಯಾಚೆ ಕಾಕಾ ಕೆಮ್ಮಿದ.

ಇಷ್ಟು ವರ್ಷ ಇದು ನನ್ನ ಪಾಲಿಗೆ ಗೋಡೆಯಷ್ಟು ಗಟ್ಟಿ ನೆನಪು. ಅಪ್ಪ, ಅವ್ವ ಈಗಿಲ್ಲ. ನಾನು ಹಾನಗಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಹೋದ ವರ್ಷ ಮೊಬೈಲಿನಲ್ಲಿ ಏನನ್ನೋ ಹುಡುಕುವಾಗ ಆ ಹಡಗು ಕಣ್ಣಿಗೆ ಬಿತ್ತು. ಪೂರ್ತಿ ಕಾರ್ಟೂನು, ಮೊದಲಿನಿಂದ ಕೊನೆಯವರೆಗೆ. ಕಳೆದುಹೋದ ಚಪ್ಪಲಿ ಸಿಕ್ಕಷ್ಟು ಖುಷಿಯಾಗಿ, ಸವಣೂರಿಗೆ ಅಕ್ಕನ ಮನೆಗೆ ಹೋಗುವ ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಭಾಗ ನೋಡಲು ಕೂತೆ.

ನೋಡುತ್ತಾ ಹೋದಂತೆ ತಲೆ ಗಿರ್ರೆನ್ನತೊಡಗಿತು. ಕಪ್ತಾನನ ದನಿ ತೆಳ್ಳಗೆ, ಕಚೇರಿಯ ಗುಮಾಸ್ತನ ದನಿ. ಉದ್ದ ಕುತ್ತಿಗೆಯವನು ನಗಿಸುವವನೇ ಅಲ್ಲ, ಹಡಗಿನಲ್ಲೆಲ್ಲ ಬಹಳ ಓದಿದವನು, ಒಂದು ಸಲವೂ ನಗುವುದಿಲ್ಲ. ಸತ್ತವರು ಸತ್ತೇ ಹೋಗುತ್ತಾರೆ. ಕೊನೆಗೆ ಹೆಸರುಗಳು ಹರಿಯುತ್ತವೆ, ಯಾರೂ ಯಾರನ್ನೂ ಕರೆಯುವುದಿಲ್ಲ. ಇದೆಲ್ಲ ಕಾಕಾನ ಕೈಚಳಕ ಎಂದು ಒಪ್ಪಿಕೊಂಡು ನಕ್ಕೆ. ಆದರೆ ಆ ಹುಡುಗಿ ಬಂದಾಗ ನಗು ನಿಂತಿತು. ಅವಳು ಕಪ್ತಾನನ ಮಗಳೇ ಅಲ್ಲ! ಹಡಗಿನಲ್ಲಿ ಕೆಲಸಕ್ಕಿದ್ದವಳು, ಅವನಿಗೆ ಸಲಾಮು ಹೊಡೆಯುತ್ತಾಳೆ. ಅಕ್ಕ ಮನೆ ಬಿಡುವುದಕ್ಕೆ ಎಷ್ಟೋ ಮೊದಲೇ ಕಾಕಾ ಅವಳನ್ನು ಮಗಳು ಮಾಡಿದ್ದನೋ, ಅಥವಾ ಆಮೇಲೆ ಮಾಡಿದ್ದನೋ? ಮೊದಲಿನಿಂದಲೂ ಮಗಳೇ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆ ಹೊತ್ತಿಗೆ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಗಿತ್ತು.

ಕೊನೆಗೆ ಆ ಬಾಗಿಲು ಬಂತು. ಹುಡುಗಿ ಬಡಿದಳು. ಕಪ್ತಾನ ಗುಂಡಿಯ ಮೇಲೆ ಕೈಯಿಟ್ಟ. ಇಟ್ಟು, ಕೈ ತೆಗೆದ. ಬಾಗಿಲು ತೆರೆಯಲಿಲ್ಲ. ಸಣ್ಣ ದೋಣಿ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ, ಅದರ ದೀಪ ಆರಿತು. ಹೆಸರುಗಳು ಹರಿದವು.

ಮತ್ತೆ ನೋಡಿದೆ. ಬಸ್ಸಿಳಿದು ನಿಂತಲ್ಲೇ ಮತ್ತೊಮ್ಮೆ ನೋಡಿದೆ. ಹಳದಿ ಬೆಳಕು ಎಲ್ಲಿಯೂ ಇಲ್ಲ. ಬೇರೆ ಪ್ರತಿ ಇರಬಹುದು, ಮುಂದಿನ ಭಾಗ ಇರಬಹುದು ಎಂದು ಇದ್ದಬದ್ದ ಕಡೆಯೆಲ್ಲ ತಡಕಾಡಿದೆ. ಇರಲಿಲ್ಲ.

ಅಕ್ಕ ನನ್ನ ಮುಖ ನೋಡಿ ಗಾಬರಿಯಾದಳು. ಬಾಗಿಲು ತೆರೆಯಲಿಲ್ಲ, ನಾನು ಕಂಡ ಹಳದಿ ಬೆಳಕೂ ಇಲ್ಲ ಎಂದು ಹೇಳಿದೆ. ಅವಳು ಗಹಗಹಿಸಿ ನಕ್ಕಳು.

"ಹುಚ್ಚೀ ಏನ ನೀ? ತೆಗದಾನಲ್ಲ ಬಾಗ್ಲಾ! ಅಪ್ಪ ನನಗ ಹೇಳಿದ ಮೊದಲ್ನೇ ಮಾತ ಅದು. ಇಲ್ಲೇ, ಈ ಹೊಸ್ತಿಲದಾಗ ನಿಂತಿದ್ದ. ಒಳಗ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ. 'ಕಪ್ತಾನ ಬಾಗ್ಲಾ ತೆಗದಾ' ಅಂದ. ನನಗ ತಲಿ ಬುಡಾ ತಿಳೀಲಿಲ್ಲ. ಬಿಸಲಿಗೆ ಅಪ್ಪಗ ಏನರ ಆಗೇತೇನೋ ಅಂತ ನೀರು ತಂದು ಕೊಟ್ಟೆ. ಕುಡದಾ."

ಹೇಳುತ್ತಾ ಹೇಳುತ್ತಾ ಅಕ್ಕನ ನಗು ನಿಂತಿತು. ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದಳು, ಆದರೆ ತೋರಿಸು ಅನ್ನಲಿಲ್ಲ. ನನಗೋ ನಿಂತ ನೆಲದ ಕೆಳಗಿನ ಕಲ್ಲು ಯಾರೋ ಕಿತ್ತ ಹಾಗಾಗಿತ್ತು. ತೆರೆಯದ ಬಾಗಿಲನ್ನು ನಂಬಿ ಅಪ್ಪ ಇಲ್ಲಿಗೆ ಬಂದಿದ್ದನೇ? ಅವನು ಆ ಸಂಜೆ ಕಂಡದ್ದು ಏನು? ನಾನು ಕಂಡದ್ದು ಏನು? ಹೇಳಬಲ್ಲವನು ಒಬ್ಬನೇ ಉಳಿದಿದ್ದ, ಕಾಕಾ. ಅವನಿಗೆ ಗಂಟಲಿನ ಬೇನೆ. ಅವನ ರಕ್ತ ನಮ್ಮ ಲ್ಯಾಬಿಗೇ ಬರುತ್ತಿತ್ತು, ರಿಪೋರ್ಟು ನನ್ನ ಕೈಯಿಂದಲೇ ಹೋಗುತ್ತಿತ್ತು. ಹೆಚ್ಚು ದಿನ ಇಲ್ಲ ಎಂದು ಅವನ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗಿತ್ತು.

ಮುಂದಿನ ರಜೆಯ ದಿನ ತಿಳವಳ್ಳಿಗೆ ಹೋದೆ. ಕೇಬಲ್ ಮುಳುಗಿ ಎಷ್ಟೋ ವರ್ಷವಾಗಿತ್ತು. ಕಾಕಾನ ಕಪ್ಪು ವೈರುಗಳು ಮಾತ್ರ ಓಣಿಯ ಮೇಲೆ ಇನ್ನೂ ತೂಗುತ್ತಿದ್ದವು, ಅದಕ್ಕೆ ಯಾರೋ ಲಂಗ, ಟವೆಲ್ಲು ಒಣಹಾಕಿದ್ದರು. ಮನೆ ತುಂಬ ಗದ್ದಲ. ಮಗ, ಸೊಸೆ, ಮೊಮ್ಮಕ್ಕಳು, ಹಿತ್ತಲಲ್ಲಿ ಎಮ್ಮೆ. ಕಾಕಾ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಬಸ್‌ಸ್ಟ್ಯಾಂಡಿಗೆ ಕೇಳುತ್ತಿದ್ದ ದನಿ ಈಗ ಒಣ ಎಲೆ ಉಜ್ಜಿದಷ್ಟು. ಹತ್ತಿರ ಕಿವಿ ಒಯ್ದರಷ್ಟೇ ಕೇಳುತ್ತಿತ್ತು.

ಚಿಗವ್ವ ಚಹಾ ತರುತ್ತಾ ಒಂದು ಸುದ್ದಿ ಹೇಳಿದಳು. ಹಿಂದೆ, ದನಿ ಇದ್ದಾಗ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಿಂದ ಹಳೆಯ ಆಟದ ಪದ ಬರೆದುಕೊಳ್ಳಲು ನಾಲ್ಕಾರು ವಿದ್ಯಾರ್ಥಿಗಳು ಬಂದಿದ್ದರಂತೆ. "ಪುರಾಣದ್ದು ಏನರ ಹೇಳ್ರಿ ಅಜ್ಜಾ ಅಂತ ಕೇಳಿದ್ವು ಪಾಪ. ಇಂವಾ ಕಪ್ತಾನನ ಆಟಾ ಹಾಡಿದಾ. ಗಗನನೌಕೆ ಅಂದಕೂಡಲೇ ಅವು ಒಬ್ಬರ ಮಾರಿ ಒಬ್ಬರು ನೋಡಿದ್ವು. ಯಾವ ಪುರಾಣದಾಗ ಬರತೈತ್ರಿ ಇದು ಅಂತ ಒಂದು ಹುಡುಗಿ ಕೇಳಿದ್ಲು. 'ಕೇಬಲ್ ಪುರಾಣ' ಅಂದಾ ಇಂವಾ."

ಕಾಕಾನ ಹೊಟ್ಟೆ ಕುಲುಕಿತು. ನಗು ಅಂದರೆ ಅಷ್ಟೇ ಉಳಿದಿತ್ತು.

ನಾನು ಮೊಬೈಲು ಅವನ ಮುಂದೆ ಹಿಡಿದು ಕಾರ್ಟೂನು ಹಚ್ಚಿದೆ. ಕಾಕಾ ಹುಬ್ಬು ಗಂಟು ಹಾಕಿ ಸ್ವಲ್ಪ ಹೊತ್ತು ನೋಡಿದ. ತಲೆ ಅಲ್ಲಾಡಿಸಿದ. "ಇದು ಅದಲ್ಲ. ಬ್ಯಾರೆ ಕಂಪ್ನಿ ಆಟಾ."

"ಅದ ಐತಿ ಕಾಕಾ. ಅದ ಹಡಗ, ಅದ ಕಪ್ತಾನ."

"ಅದಲ್ಲ. ಇಂವಗ ಮಾತ ಬರೂದಿಲ್ಲ."

ದನಿ ಪೂರ್ತಿ ಇಳಿಸಿದೆ. ಬರೀ ಚಿತ್ರ ಓಡತೊಡಗಿತು. ಎರಡು ನಿಮಿಷ ಆಗಿರಬೇಕು, ಕಾಕಾ ದಿಂಬು ಬಿಟ್ಟು ಎದ್ದು ಕೂತ. ತುಟಿ ಅಲ್ಲಾಡತೊಡಗಿದವು. ಕಿವಿ ಹತ್ತಿರ ಒಯ್ದೆ. "ಎಲೈ ಸಾರಥೀ..." ಅನ್ನುತ್ತಿದ್ದ. ಮುಂದಕ್ಕೆ ದನಿ ಹೊರಡದೆ, ನೀ ಹೇಳು ಎಂದು ನನಗೆ ಬೆರಳು ತೋರಿಸಿದ. ನಾನು ನಾಚಿಕೊಂಡು ಏನೋ ನಾಲ್ಕು ಮಾತು ಒಪ್ಪಿಸಿದೆ. ರಕ್ತದ ರಿಪೋರ್ಟು ಓದಿದ ಹಾಗಿತ್ತು. ಕಾಕಾ ಹಣೆ ಬಡಿದುಕೊಂಡ. "ಥೂ, ಸಾರಥಿಗೆ ಮಾರಿ ಕೊಟ್ಟು ಹೇಳ." ಮತ್ತೆ ಹೇಳಿದೆ. ಮೊಮ್ಮಕ್ಕಳು ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ಕಾಕಾ ಸ್ವಲ್ಪ ಸಮಾಧಾನಗೊಂಡ.

ಹೀಗೆ ಬಾಗಿಲಿನವರೆಗೆ ಬಂದೆವು. ಹುಡುಗಿ ಬಡಿದಳು. ಕಪ್ತಾನನ ಕೈ ಗುಂಡಿಯ ಮೇಲೆ ಬಂತು. ಅಷ್ಟರಲ್ಲಿ ಕಾಕಾ ತನ್ನ ಅಂಗೈಯನ್ನು ಮೊಬೈಲಿನ ಮೇಲೆ ಪೂರ್ತಿ ಇಟ್ಟುಬಿಟ್ಟ. ಏನೂ ಕಾಣದಂತೆ.

ನಾನು ಅಂದೆ, "ಕಾಕಾ, ಇಂವಾ ಬಾಗ್ಲಾ ತೆಗೀಲಿಲ್ಲ. ನಾ ನೋಡೇನಿ."

"ಗೊತ್ತೈತಿ." ಅವನು ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಟ್ಟ. "ಅವತ್ತ ಮುಂಜಾನೆ ನೋಡಿ ಕುಂತಿದ್ದೆ. ತೆಗೀಲಿಲ್ಲ ಮಗಾ. ಸಂಜೀಕ ನಿಮ್ಮಪ್ಪ ನೋಡ್ತಾನ. ಅಂವಾ ಅದನ್ನ ನೋಡಿದ್ರ... ಅದಕ್ಕ ಚಿತ್ರದ ವೈರ್ ಕಿತ್ತೆ. ಮೈಕ್ ಅಷ್ಟ ಇಟ್ಟೆ."

ಚಿಗವ್ವ ತಟ್ಟನೆ ಅಂದಳು, "ಅಯ್ಯ, ಅವತ್ತಿಂದು ಕೇಳಬ್ಯಾಡ. ಇಡೀ ಊರು ಬಂದು ಬಾಗಲದಾಗ ಒದರಿತ್ತು, ಚಂದ ಹೊತ್ತಿನ್ಯಾಗ ಚಿತ್ರಾ ಹೋತು ಅಂತ. ಇಂವಾ ಗಾಳಿಗೆ ವೈರ್ ಹರೀತು ಅಂದಾ. ಅವತ್ತ ಎಲಿ ಅಲಗಾಡೂ ಅಷ್ಟು ಗಾಳಿ ಇದ್ದಿದ್ದಿಲ್ಲ."

ನಾನು ಒಪ್ಪಲಿಲ್ಲ. ಒಪ್ಪುವುದು ಹೇಗೆ? "ಇಲ್ಲ ಕಾಕಾ. ಬಾಗ್ಲಾ ತೆರದಿದ್ದು ನಾ ಕಣ್ಣಾರೆ ನೋಡೇನಿ. ಹಳದಿ ಬೆಳಕಿತ್ತು. ಆಕಿ ಕಣ್ಣಿಗೆ ಕೈ ಅಡ್ಡ ಹಿಡದಿದ್ಲು."

ಕಾಕಾ ನನ್ನನ್ನು ನೋಡಿದ. ಬಹಳ ವರ್ಷಗಳ ನಂತರ ಒಳ್ಳೆಯ ಊಟ ಉಂಡವನ ಹಾಗೆ ಅವನ ಮುಖ ಅರಳಿತು. "ನೋಡಿದ್ರ ನೋಡೀದಿ, ತಗಿ" ಅಂದ. ಅಷ್ಟೇ. ಅಂಗೈ ಎತ್ತಲಿಲ್ಲ. ಮಂಗಳ ಮುಗಿಯುವಷ್ಟು ಹೊತ್ತು ಹಾಗೆಯೇ ಇಟ್ಟುಕೊಂಡು ಕೂತಿದ್ದ.

ಅವನನ್ನು ಮಾತಾಡಿಸಿದ್ದು ಅದೇ ಕೊನೆ. ಸುದ್ದಿ ಬಂದಾಗ ನಾನು ಹಾನಗಲ್ಲಿನಿಂದ, ಅಕ್ಕ ಸವಣೂರಿನಿಂದ ಹೋದೆವು. ನಮ್ಮ ಪದ್ಧತಿಯಂತೆ ಕಾಕಾನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು, ಆ ತಗ್ಗಿನಲ್ಲಿ ಒಂದಿಷ್ಟು ಹೆಚ್ಚೇ ಕೂತಿತ್ತು. ಅವನು ಆಟ ಕಲಿಸಿದ ಹುಡುಗರು ಈಗ ಹಲ್ಲಿಲ್ಲದ ಮುದುಕರು, ಬಂದು ಸಾಲಾಗಿ ನಿಂತರು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಮಂಗಳ ಹಾಡತೊಡಗಿದರು. ಸತ್ತ ಮನೆಯಲ್ಲಿ ಆಟದ ಮಂಗಳ ಹಾಡಬಹುದೋ ಬಾರದೋ ಎಂದು ಯಾರೋ ಪಿಸುಗುಟ್ಟಿದರು. ಹಾಡು ನಿಲ್ಲಲಿಲ್ಲ.

ನಾನು ರಕ್ತ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳು. ಸಾವು ಅಂದರೆ ಏನು ಎಂದು ನನಗೆ ಗೊತ್ತಿದೆ. ಆದರೂ ಆ ಹಾಡು ನಡೆದಷ್ಟು ಹೊತ್ತು ನಾನು ಕಾಕಾನ ಮುಖವನ್ನೇ ನೋಡುತ್ತಾ ನಿಂತಿದ್ದೆ, ಏನನ್ನು ಕಾಯುತ್ತಿದ್ದೇನೆ ಎಂದು ನನಗೇ ತಿಳಿಯದೆ. ಹಾಡು ಮುಗಿಯಿತು. ಕಾಕಾ ಏಳಲಿಲ್ಲ. ಆಗ ಅಳು ಬಂತು, ಅಪ್ಪ ಹೋದಾಗ ಬಂದದ್ದಕ್ಕಿಂತ ಹೆಚ್ಚು.

ಮಣ್ಣು ಮುಗಿಸಿ ಬಂದು ನಾನೂ ಅಕ್ಕನೂ ಕಾಕಾನ ಕಟ್ಟೆಯ ಮೇಲೆ ಕೂತೆವು. ತಲೆ ಇಬ್ಬರದೂ ಒದ್ದೆ. ಬಿಸಿಲು ಇಳಿಯುತ್ತಿತ್ತು, ಓಣಿಯ ಮೇಲೆ ಕಪ್ಪು ವೈರುಗಳ ನೆರಳು ಬಿದ್ದಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಆ ಬಾಗ್ಲದ್ದು ನನಗ ತೋರಸ" ಅಂದಳು ಅಕ್ಕ. "ನಾ ನೋಡೇ ಇಲ್ಲ ಅದನ್ನ. ನನ್ನ ಸಲುವಾಗಿ ಆದದ್ದು, ನಾನ ನೋಡಿಲ್ಲ."

ಮೊಬೈಲು ತೆಗೆದು ದನಿ ಇಳಿಸಿದೆ. ಸಣ್ಣ ದೋಣಿ ಬಂತು. "ಅಪ್ಪಾ, ಬಾಗ್ಲಾ ತೆಗಿ" ಅಂದೆ, "ಉಸಿರು ಸಾಲವಲ್ತು." ಈ ಸಲ ನಾಚಿಕೆಯಾಗಲಿಲ್ಲ. ಸಾರಥಿಯ ಮಾತು ಹೇಳಿದೆ. ಕಪ್ತಾನ ಗುಂಡಿಯ ಮೇಲೆ ಕೈಯಿಟ್ಟ. ನಾನು ಪರದೆಯ ಮೇಲೆ ಅಂಗೈ ಇಟ್ಟೆ. ಬೆರಳ ಸಂದಿಯಲ್ಲೂ ಏನೂ ಕಾಣದಂತೆ ಒತ್ತಿ ಹಿಡಿದೆ. ಕಾಕಾ ಎಷ್ಟು ಹೊತ್ತು ಸುಮ್ಮನಿದ್ದನೋ ಅಷ್ಟು ಹೊತ್ತು ಸುಮ್ಮನಿದ್ದು, ಹೇಳಿದೆ.

"ಬಾ ಒಳಗ."

ಅಕ್ಕ ನನ್ನ ಅಂಗೈಯ ಬೆನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಸಣ್ಣಗಾದವು, ಬಿಸಿಲಿಗೆ ಮುಖ ಕೊಟ್ಟವರ ಹಾಗೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಮೇಲೆ ಒಂದಿಷ್ಟು ಸಿಟ್ಟಾದವಳ ಹಾಗೆ ಅಂದಳು:

"ಹಳದಿ ಬೆಳಕು ಅಂತ ಯಾಕ ಹೇಳಿದ್ದಿ? ಕೆಂಪಗಿತ್ತಲ್ಲ ಅದು."